ರುಚಿ ನೋಡದವರ ಬಿಯರು

ನಮ್ಮನೆಯವರು ಬಿಯರು ಮಾಡುತ್ತಾರೆ. ಆದರೆ ಅದರ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವರಲ್ಲ. ಹೀಗೆಂದರೆ ಇಲ್ಲಿ ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನಲ್ಲಿ ಜನ ನಗುತ್ತಾರೆ. ಹಾಸನದಲ್ಲಂತೂ ನಾನು ಬಾಯಿಯೇ ಬಿಟ್ಟಿಲ್ಲ. ಬಿಟ್ಟರೆ ನಮ್ಮತ್ತೆ ಫೋನು ಮಾಡಿ, "ಅವನು ಮಾಡ್ತಿದ್ದಾಗ ನೀನೇನು ಕಡ್ಲೆಪುರಿ ತಿಂತಿದ್ಯಾ?" ಎಂದು ಕೇಳುತ್ತಾರೆ. ಗಂಡಂದಿರು ಮಾಡಿದ್ದಕ್ಕೆಲ್ಲ ಹೆಂಡತಿಯರು ಉತ್ತರ ಹೇಳುವುದು ನಮ್ಮ ಕಡೆ ಇದ್ದದ್ದೇ.

ಅವರ ಹೆಸರು ಶೇಷಾದ್ರಿ. ಸ್ಯಾನ್ ಹೋಸೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರು. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, "ಇಲ್ಲಿ ಸರಿಯಿಲ್ಲ, ಅಲ್ಲಿ ಸರಿಯಿಲ್ಲ" ಎಂದು ಹೇಳುವ ಕೆಲಸ. ಆಫೀಸಿನಲ್ಲಿ ಇವರು ಬರುವುದನ್ನು ಕಂಡರೆ ಹುಡುಗರು ಕಾಫಿ ಕಪ್ಪು ಎತ್ತಿಕೊಂಡು ಬೇರೆ ಕಡೆಯಿಂದ ಹೊರಟುಬಿಡುತ್ತಿದ್ದರಂತೆ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಸುತ್ತಮುತ್ತ ಎಲ್ಲರೂ ದಿನಕ್ಕೊಂದು ಸ್ಟಾರ್ಟಪ್ಪು ಎಂದು ಓಡುತ್ತಿದ್ದರೆ, ನಮ್ಮನೆಯವರು ಒಂದೇ ಕಂಪನಿಯಲ್ಲಿ ಒಂದೇ ಕುರ್ಚಿಯಲ್ಲಿ ನೆಮ್ಮದಿಯಾಗಿದ್ದರು. ಮನೆ ತೆಗೆದುಕೊಂಡದ್ದು ಗಿಲ್‌ರಾಯ್‌ನಲ್ಲಿ, ನಮ್ಮ ಕೈಗೆ ಎಟುಕಿದ್ದು ಅದೊಂದೇ. ಸುತ್ತಲೂ ಬೆಳ್ಳುಳ್ಳಿ ಹೊಲಗಳು, ಬೇಸಿಗೆ ಬಂತೆಂದರೆ ಊರಿಗೆ ಊರೇ ಬೆಳ್ಳುಳ್ಳಿ ವಾಸನೆ. ಏಳು ತಲೆಮಾರಿನಿಂದ ಬೆಳ್ಳುಳ್ಳಿ ಮುಟ್ಟದ ವಂಶದ ಮಗನನ್ನು ದೇವರು ಹುಡುಕಿ ಹುಡುಕಿ ಇಲ್ಲಿಗೇ ತಂದು ಹಾಕಿದ.

ವಂಶ ಎಂದೆನಲ್ಲ, ಅದನ್ನು ಹೇಳಿಬಿಡಬೇಕು. ನಮ್ಮ ಮಾವನವರು ಹಾಸನದ ಕಡೆಯ ಒಂದು ದೇವಸ್ಥಾನದಲ್ಲಿ ನೈವೇದ್ಯದ ಅಡಿಗೆ ಮಾಡುತ್ತಿದ್ದವರು. ದೇವರಿಗಿಡುವ ಅಡಿಗೆಯ ರುಚಿಯನ್ನು ಮೊದಲೇ ನೋಡುವಂತಿಲ್ಲ. ನೋಡಿದರೆ ಎಂಜಲು. ಹುಗ್ಗಿಗೆ ಉಪ್ಪು ಸಾಕೋ, ಪಾಯಸಕ್ಕೆ ಬೆಲ್ಲ ಸಾಕೋ ಎಲ್ಲ ಮೂಗಿನಲ್ಲಿ, ಕಣ್ಣಿನಲ್ಲಿ, ಕುದಿಯುವ ಸದ್ದಿನಲ್ಲಿ ತಿಳಿಯಬೇಕು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ನಿಂತು ಇವರೂ ಅದನ್ನೇ ಕಲಿತವರು. ಮದುವೆಯಾದ ಹೊಸದರಲ್ಲಿ ನಾನು ಸಾರು ಇಳಿಸುತ್ತಿದ್ದರೆ ಹಾಲಿನಲ್ಲಿ ಪೇಪರು ಓದುತ್ತ ಕೂತಲ್ಲಿಂದಲೇ, "ವಾಣಿ, ಹುಣಿಸೆಹಣ್ಣು ಜಾಸ್ತಿ ಆಯ್ತು ಕಣೇ" ಎನ್ನುತ್ತಿದ್ದರು. ಮೈ ಉರಿದುಹೋಗುತ್ತಿತ್ತು. ಉರಿಯುತ್ತಿದ್ದದ್ದು ಅವರು ಹೇಳಿದ್ದು ನಿಜವಾಗಿರುತ್ತಿತ್ತು ಎಂಬುದಕ್ಕೆ.

ಬಿಯರು ಮನೆಗೆ ಬಂದದ್ದು ತೊಂಬತ್ತೆಂಟರ ಕ್ರಿಸ್‌ಮಸ್ಸಿಗೆ. ಆಫೀಸಿನಲ್ಲಿ ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಆಟವಿತ್ತು. ಇವರ ಪಾಲಿಗೆ ಬಂದದ್ದು ಮನೆಯಲ್ಲೇ ಬಿಯರು ಮಾಡುವ ಸಾಮಾನಿನ ಪೆಟ್ಟಿಗೆ. ಯಾರೋ ತಮಾಷೆಗೆ ಕೊಟ್ಟದ್ದು. ನಾನು ಅದನ್ನು ಗರಾಜಿನ ಮೂಲೆಗೆ ತಳ್ಳಿದೆ. ಇವರು ಎತ್ತಿಕೊಂಡು ಬಂದು ಒಂದೊಂದೇ ಪೊಟ್ಟಣ ಬಿಚ್ಚಿ ಮೂಸತೊಡಗಿದರು. ಒಂದು ಪೊಟ್ಟಣದಲ್ಲಿ ಹಾಪ್ಸ್ ಇತ್ತು. ಅದು ಒಣಗಿಸಿದ ಹಸಿರು ಹೂವು, ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಅದೇ. ಅದನ್ನು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದವರ ಮುಖ ನೋಡಬೇಕಿತ್ತು!

"ದವನದ ವಾಸನೆ ಕಣೇ! ಸ್ವಲ್ಪ ನಿಂಬೆ ಸಿಪ್ಪೆ. ನೋಡಿಲ್ಲಿ, ನೋಡು."

"ದವನಾನೋ ಗಿವನಾನೋ, ಹೆಂಡದ ಸಾಮಾನು ಅದು. ನನ್ನ ಅಡಿಗೆಮನೆಗೆ ತಂದ್ರೆ ನೆಟ್ಟಗಿರಲ್ಲ, ಹೇಳಿದೀನಿ."

"ಕುಡಿಯೋರು ಯಾರು? ಮಾಡೋದಕ್ಕೇನು ದೋಷ? ಸಾಮಾನು ಬಿಸಾಕೋದು ಪಾಪ."

ಪಾಪದ ಲೆಕ್ಕ ಹಾಕುವುದರಲ್ಲಿ ಇವರನ್ನು ಸೋಲಿಸುವವರಿಲ್ಲ. ಕೊನೆಗೆ ಗರಾಜಿನಲ್ಲಿ ಮಾತ್ರ ಎಂದು ಒಪ್ಪಂದವಾಯಿತು. ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಗ್ಯಾಸ್ ಒಲೆಯ ಮೇಲೆ ದೊಡ್ಡ ಸ್ಟೀಲ್ ಪಾತ್ರೆಯಿಟ್ಟು ಮಡಿಯಲ್ಲಿ ಬಿಯರು ಕಾಯಿಸುವ ಮನುಷ್ಯನನ್ನು ಕ್ಯಾಲಿಫೋರ್ನಿಯಾದಲ್ಲಿ ಬೇರೆ ಎಲ್ಲಿಯೂ ಕಾಣಲಿಕ್ಕಿಲ್ಲ. ಬಿಯರು ಸಾಮಾನಿನ ಅಂಗಡಿಯವನು, "ಈ ಕೆಲಸದಲ್ಲಿ ಶುಚಿಯೇ ಮುಖ್ಯ" ಎಂದಿದ್ದನಂತೆ. ಇವರು ನಕ್ಕು ಬಂದರಂತೆ.

ಮೊದಮೊದಲು ಸೀಸೆಗಳಿಗೆ ತುಂಬುತ್ತಿದ್ದರು. ಅದು ಬೇಸರವಾಗಿ ಒಂದು ಹಳೆಯ ಕೆಗ್ಗು ತಂದರು. ಸೋಡಾ ಕಂಪನಿಯವರು ಬಳಸಿ ಬಿಟ್ಟದ್ದು, ಮೊಣಕಾಲಿಗಿಂತ ಎತ್ತರದ ಸ್ಟೀಲ್ ಡ್ರಮ್ಮು, ಮೇಲೆ ಮುಚ್ಚಳ, ಮುಚ್ಚಳಕ್ಕೆ ರಬ್ಬರ್ ಬಳೆ. ಥೇಟ್ ನಮ್ಮ ಕುಕ್ಕರು. ಹುದುಗು ಬಂದು ಮುಗಿದ ಬಿಯರನ್ನು ಅದಕ್ಕೆ ತುಂಬಿ ಎರಡು ಕೆಲಸ ಮಾಡುತ್ತಿದ್ದರು. ಹಳೇ ಪಂಚೆಯ ಬಟ್ಟೆಯನ್ನು ಕುದಿಸಿ, ಅದರಲ್ಲಿ ಹಾಪ್ಸ್ ಗಂಟು ಕಟ್ಟಿ, ಮುಳುಗಲೆಂದು ಒಂದು ಸ್ಟೀಲ್ ಚಮಚವನ್ನೂ ಸೇರಿಸಿ ಒಳಗೆ ಬಿಡುವುದು ಒಂದು. ಸನ್ನಿವೇಲಿನ ಇಂಡಿಯನ್ ಗ್ರೋಸರಿಯಿಂದ ತಂದ ಬೆಲ್ಲವನ್ನು ನೀರಲ್ಲಿ ಕಾಯಿಸಿ ಸೋಸಿ ಹಾಕುವುದು ಇನ್ನೊಂದು. ಬಿಯರಿನಲ್ಲಿ ಉಳಿದಿರುವ ಹುದುಗು, ಅಂದರೆ ಯೀಸ್ಟು, ಆ ಬೆಲ್ಲ ತಿಂದು ಗ್ಯಾಸು ಬಿಡುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಗ್ಯಾಸು ಬಿಯರಿನಲ್ಲೇ ಕರಗಿ, ಲೋಟಕ್ಕೆ ಬಿಟ್ಟಾಗ ಗುಳುಗುಳು ಏಳುತ್ತದೆ. ಬೇರೆಯವರು ಅಂಗಡಿಯಿಂದ ಗ್ಯಾಸ್ ಸಿಲಿಂಡರ್ ತಂದು ತುಂಬುತ್ತಾರೆ. ಇವರು ಮಾತ್ರ, "ಅಂಗಡಿ ಗ್ಯಾಸು ತುಂಬೋದಾದ್ರೆ ಮನೇಲಿ ಯಾಕೆ ಮಾಡಬೇಕು? ತಾನಾಗೇ ಉಬ್ಬಬೇಕು" ಎನ್ನುತ್ತಿದ್ದರು.

ಕುಡಿಯಲು ಇಬ್ಬರು ಖಾಯಂ ಗಿರಾಕಿಗಳಿದ್ದರು. ಇಬ್ಬರೂ ಇವರ ಆಫೀಸಿನವರೇ. ಒಬ್ಬರು ಹುಬ್ಬಳ್ಳಿಯ ದೇವೇಂದ್ರಪ್ಪ, ನಮ್ಮನೆಯವರ ವಯಸ್ಸಿನವರು, ಪೊದೆ ಮೀಸೆ. ಇನ್ನೊಬ್ಬ ಮಂಡ್ಯದ ರಘು, ಹುಡುಗ, ಯಾವಾಗಲೂ ಷೇರಿನ ಮಾತು. ತಿಂಗಳಿಗೊಮ್ಮೆ ಭಾನುವಾರ ಬಂದು ಹಿತ್ತಿಲಲ್ಲಿ ಕೂರುತ್ತಿದ್ದರು. ನಮ್ಮನೆಯವರು ಕೆಗ್ಗಿಗೆ ಕೈಪಂಪು ಹಾಕಿ ಒತ್ತಿ ಒತ್ತಿ ಲೋಟ ತುಂಬಿ ಕೊಡುವುದು, ಅವರು ಒಂದು ಗುಟುಕು ಕುಡಿದು "ಸೂಪರ್ ಶೇಷಣ್ಣ!", "ಭಾರಿ ಆಗೇತ್ರಿ!" ಎನ್ನುವುದು. ಇವರು ಮಜ್ಜಿಗೆ ಲೋಟ ಹಿಡಿದು ಎದುರು ಕೂತು ಹಿಗ್ಗುತ್ತಿದ್ದರು. ಆ ಹಿಗ್ಗು ನೋಡಿ ನಾನೂ ಬಜ್ಜಿ ಕರಿದು ಕೊಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಎರಡು ಸಾವಿರದ ಇಸವಿ ಜೂನ್ ತಿಂಗಳ ಒಂದು ಭಾನುವಾರ ಆ ಹೆಮ್ಮೆಗೆ ಕಲ್ಲು ಬಿತ್ತು. ಮೆಣಸಿನಕಾಯಿ ಬಜ್ಜಿಯ ಮೊದಲ ತಟ್ಟೆ ಹಿತ್ತಿಲಿಗೆ ಕೊಟ್ಟು, ಮೇಲೆ ಹೋಗಿ ಮಗಳು ನಿಸರ್ಗಾಳ ಬಟ್ಟೆ ಮಡಿಸಿಟ್ಟು ಕೆಳಗಿಳಿದೆ. ಅಡಿಗೆಮನೆಯಲ್ಲಿ ಇಬ್ಬರೂ ನನಗೆ ಬೆನ್ನು ಹಾಕಿ ಸಿಂಕಿನ ಮುಂದೆ ನಿಂತಿದ್ದಾರೆ. ರಘುವಿನ ಕೈಯಲ್ಲಿ ಸೋಡಾ ಕ್ಯಾನು. ದೇವೇಂದ್ರಪ್ಪನವರು ಎರಡು ಲೋಟ ಹಿಡಿದಿದ್ದಾರೆ. ಹುಡುಗ ಬಿಯರಿಗೆ ಸೋಡಾ ಬೆರೆಸುತ್ತಿದ್ದಾನೆ.

"ಏನ್ ನಡೀತಿದೆ ಇಲ್ಲಿ?"

ಇಬ್ಬರೂ ಇಂಗು ತಿಂದ ಮಂಗನ ಹಾಗೆ ತಿರುಗಿದರು. ರಘು ಕ್ಯಾನನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅಷ್ಟುದ್ದದ ಹುಡುಗ!

"ವೈನಿ, ಅವರಿಗೆ ಹೇಳಬ್ಯಾಡ್ರಿ," ಎಂದರು ದೇವೇಂದ್ರಪ್ಪ. "ವಾಸನಿ ಭಾರಿ ಇರ್ತದ್ರಿ, ಅದಕ್ಕ ಎರಡ ಮಾತಿಲ್ಲ. ಆದ್ರ ಗ್ಯಾಸ್ ಒಂದೀಟೂ ಇರಂಗಿಲ್ಲ ನೋಡ್ರಿ. ಸಪ್ಪಗ, ನಿನ್ನಿ ಚಹಾ ಕುಡದಂಗ ಆಗ್ತದ."

"ಎಷ್ಟು ದಿನದಿಂದ ಹೀಗೆ?"

ರಘು ನೆಲ ನೋಡಿದ. "ಕೆಗ್ಗು ಬಂದಾಗಿಂದಾನೂ ಅಕ್ಕಾ. ಸೀಸೆ ಇದ್ದಾಗ ಚೆನ್ನಾಗೇ ಇತ್ತು. ಕಾರಲ್ಲೇ ಸೋಡಾ ತಂದಿರ್ತೀವಿ."

"ಒಂದು ವರ್ಷದಿಂದ ತಿಂದು ಕುಡಿದು, ಬಾಯಲ್ಲಿ ಸೂಪರ್ ಅಂದು, ಹಿಂದೆ ಸೋಡಾ ಸುರೀತಿದ್ರಾ? ನಾಚಿಕೆ ಆಗಲ್ವಾ ನಿಮಗೆ?"

"ಆ ಮಾರಿ ನೋಡಿ ಹೆಂಗ ಹೇಳೂದ್ರಿ ವೈನಿ? ಸಣ್ಣ ಹುಡುಗರಂಗ ಖುಷಿ ಆಗಿರ್ತಾರ."

ಆ ಮುಖ ನಾನೂ ನೋಡಿದ್ದೆನಲ್ಲ. ಉಳಿದ ಬಜ್ಜಿಯ ತಟ್ಟೆಯನ್ನು ಅವರ ಮುಂದೆ ಕುಕ್ಕಿ ಹೊರಗೆ ಬಂದೆ. ಅಲ್ಲಿಗೆ ಮುಗಿದಿದ್ದರೆ ಸಾಕಿತ್ತು. ಹೊರಡುವ ಮುಂಚೆ ರಘು, ತಪ್ಪಿನ ಭಾರಕ್ಕೋ ಏನೋ, ಇವರ ಬೆನ್ನು ತಟ್ಟಿ ಹೇಳಿದ: "ಶೇಷಣ್ಣ, ಒಂದು ಹೇಳೋದು ಮರೆತಿದ್ದೆ. ಆಗಸ್ಟಿನಲ್ಲಿ ಕಂಪನಿ ಪಿಕ್ನಿಕ್ಕು ಇದೆಯಲ್ಲ, ಅಲ್ಲಿ ಮನೇಲಿ ಮಾಡಿದ ಬಿಯರಿನ ಸ್ಪರ್ಧೆ ಇಟ್ಟಿದ್ದಾರೆ. ನಿಮ್ಮ ಹೆಸರು ಕೊಟ್ಟುಬಿಟ್ಟಿದ್ದೀನಿ." ನಮ್ಮನೆಯವರು ಕುರ್ಚಿಯಿಂದ ಎದ್ದೇ ನಿಂತರು. ನನಗೆ ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಹುಡುಗನನ್ನು ಅಲ್ಲೇ ಹಿಡಿದು ಬಡಿಯೋಣ ಎನಿಸಿತು.

ಮುಂದಿನ ವಾರವೆಲ್ಲ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು ನನ್ನದು. ಉಗುಳುವಂತಿಲ್ಲ, ನುಂಗುವಂತಿಲ್ಲ. ಹೇಳಿದರೆ ಒಂದೂವರೆ ವರ್ಷದ ಸಂತೋಷ ಒಂದು ನಿಮಿಷದಲ್ಲಿ ಮಣ್ಣುಪಾಲು. ಹೇಳದಿದ್ದರೆ ಆಗಸ್ಟಿನಲ್ಲಿ ಇನ್ನೂರು ಜನರ ಎದುರು, ಇವರು ತಪ್ಪು ಹಿಡಿದ ಎಲ್ಲ ಹುಡುಗರ ಎದುರು, ಆ ಸಪ್ಪೆ ನೀರು ಲೋಟಕ್ಕೆ ಬೀಳುತ್ತದೆ. ಅಲ್ಲಿ ಅಡಿಗೆಮನೆಯೂ ಇಲ್ಲ, ಗುಟ್ಟಾಗಿ ಸೋಡಾ ಸುರಿಯುವ ಸ್ನೇಹಿತರೂ ಸಾಲುವುದಿಲ್ಲ. ಇವರಂತೂ ದಿನಾ ಊಟಕ್ಕೆ ಕೂತಾಗ ಪಿಕ್ನಿಕ್ಕಿನದೇ ಮಾತು. ಯಾವ ಹಾಪ್ಸ್ ಹಾಕಲಿ, ಎಷ್ಟು ಹಾಕಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಆ ಮುದ್ದು ನೋಡಲಾಗುತ್ತಿರಲಿಲ್ಲ.

ಶನಿವಾರ ಗ್ರೋಸರಿಗೆ ಹೊರಟೆವು. ನಿಸರ್ಗಾ ಗೆಳತಿಯ ಮನೆಗೆ ಹೋಗಿದ್ದಳು. ಮಾರ್ಗನ್ ಹಿಲ್ ದಾಟುತ್ತಿದ್ದ ಹಾಗೆ ಫ್ರೀವೇಯಲ್ಲಿ ಕಾರುಗಳು ಸಾಲುಗಟ್ಟಿ ನಿಂತುಬಿಟ್ಟವು. ಮುಂದೆಯೂ ಹೋಗುವಂತಿಲ್ಲ, ಇಳಿದು ಓಡುವಂತೆಯೂ ಇಲ್ಲ. ಇದೇ ಸಮಯ ಎಂದುಕೊಂಡೆ.

"ರೀ, ಒಂದು ಮಾತು ಹೇಳ್ತೀನಿ. ಕೋಪ ಮಾಡ್ಕೋಬೇಡಿ. ನಿಮ್ಮ ಬಿಯರಲ್ಲಿ ಗ್ಯಾಸೇ ಇರಲ್ಲವಂತೆ. ಇಬ್ಬರೂ ಅಡಿಗೆಮನೇಲಿ ಸೋಡಾ ಬೆರೆಸಿಕೊಂಡು ಕುಡೀತಿದ್ರು. ಕಣ್ಣಾರೆ ನೋಡಿದೆ."

ಮುಂದಿನ ಕಾರು ಒಂದಿಷ್ಟು ಸರಿಯಿತು, ಇವರೂ ಸರಿದರು. ಕೆನ್ನೆ ಮಾತ್ರ ಕೆಂಪಗಾಗಿತ್ತು.

"ಯಾವಾಗಿಂದ?"

"ಕೆಗ್ಗು ತಂದಾಗಿಂದ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಆಮೇಲೆ ಬಹಳ ಮೆಲ್ಲಗೆ ಹೇಳಿದರು: "ನೋಡು ವಾಣಿ, ದಿನಾ ಆಫೀಸಲ್ಲಿ ಎಲ್ಲರ ತಪ್ಪೂ ಹೇಳ್ತೀನಿ. ಮುಖ ಸಿಂಡರಿಸ್ತಾರೆ, ಬೈಕೋತಾರೆ. ಆದ್ರೂ ಹೇಳ್ತೀನಿ. ಹೇಳದೇ ಇದ್ರೆ ಸರಿ ಹೋಗೋದು ಹೇಗೆ? ನನಗೆ ಯಾಕೆ ಒಬ್ಬರೂ ಹೇಳಲಿಲ್ಲ?"

"ನಿಮ್ಮ ಮನಸ್ಸು ನೋಯುತ್ತೆ ಅಂತ."

"ಅಪ್ಪನಿಗೂ ಹಾಗೇ ಆಯ್ತು." ಅವರು ರಸ್ತೆಯನ್ನೇ ನೋಡುತ್ತಿದ್ದರು. "ಅಷ್ಟು ವರ್ಷ ಅಡಿಗೆ ಮಾಡಿದ್ರಲ್ಲ, ಪ್ರಸಾದಕ್ಕೆ ಯಾರಾದ್ರೂ ಹೆಸರಿಡ್ತಾರಾ? ಕಣ್ಣಿಗೊತ್ತಿಕೊಂಡು ತಿಂದು ಹೋಗೋರು. ಕೊನೆಗಾಲದಲ್ಲಿ ಒಂದು ದಿನ ನನ್ನ ಕೇಳಿದ್ರು, 'ನನ್ನ ಕೈ ಅಡಿಗೆ ಚೆನ್ನಾಗಿರ್ತಿತ್ತೇನೋ ಶೇಷೂ?' ಅಂತ. ಚೆನ್ನಾಗಿರ್ತಿತ್ತು ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ ಕಣೇ. ಎಲ್ಲರೂ ಅನ್ನೋದು ಅದನ್ನೇ ಅಲ್ವಾ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮಾತು ಮೊದಲ ಸಲ ಕೇಳಿದ್ದು. ಇವರಿಗೆ ಬೇಕಾಗಿದ್ದದ್ದು ಬಹುಮಾನವಲ್ಲ, ಒಂದು ನಿಜವಾದ ಮಾತು ಎಂದು ಆಗ ತಿಳಿಯಿತು. ಪಿಕ್ನಿಕ್ಕಿನಿಂದ ಹೆಸರು ತೆಗೆಸಿಬಿಡಿ ಎಂದೆ. ಇವರು ತಲೆಯಾಡಿಸಿದರು.

"ತೆಗೆಸಲ್ಲ. ಆದ್ರೆ ಅದಕ್ಕೆ ಮುಂಚೆ ಅವರಿಬ್ಬರ ಬಾಯಿಂದ ನಿಜ ಕೇಳದೇ ಬಿಡಲ್ಲ. ಬೈಬೇಡ ಅವರನ್ನ. ಮೊದಲು ತಪ್ಪು ಎಲ್ಲಿದೆ ಹುಡುಕೋಣ."

ಮನೆಗೆ ಬಂದವರೇ ನೇರ ಗರಾಜಿಗೆ ಹೋದರು. ಖಾಲಿ ಕೆಗ್ಗನ್ನು ಮಧ್ಯಕ್ಕೆಳೆದು, ಆಫೀಸಿನಲ್ಲಿ ಮಾಡುವ ಹಾಗೆ, ಮೊದಲಿನಿಂದ ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳತೊಡಗಿದರು. ನಾನು ತರಕಾರಿ ಚೀಲ ಹಿಡಿದು ಬಾಗಿಲಲ್ಲೇ ನಿಂತೆ.

"ತೊಳೀತೀನಿ. ಬಿಯರು ತುಂಬ್ತೀನಿ. ಬೆಲ್ಲದ ನೀರು ಹಾಕ್ತೀನಿ. ಹಾಪ್ಸ್ ಗಂಟು ಬಿಡ್ತೀನಿ. ಮುಚ್ಚಳ ಬಿಗೀತೀನಿ. ಬೆಳಿಗ್ಗೆ ಸ್ನಾನ ಆದ ಮೇಲೆ ಮುಚ್ಚಳ ತೆಗೆದು ವಾಸನೆ ನೋಡ್ತೀನಿ. ಸಾಯಂಕಾಲ ಬಂದು ಮತ್ತೆ ತೆಗೆದು..."

ಅಲ್ಲಿಗೆ ನಿಂತರು. ನಾನು ಚೀಲ ಕೆಳಗಿಟ್ಟೆ.

"ದಿನಾ ತೆಗೀತಿದ್ರಾ?"

"ಮತ್ತೆ ಗೊತ್ತಾಗೋದು ಹೇಗೆ? ರುಚಿ ನೋಡಲ್ಲವಲ್ಲ. ಹಾಪ್ಸ್ ಹದ ಬಂದ ತಕ್ಷಣ ಗಂಟು ಎತ್ತಬೇಕು. ಮೂಗಿಗೇ ತಿಳೀಬೇಕು. ತೆಗೆದಾಗ ಸುಸ್ ಅಂತಿತ್ತು. ಚೆನ್ನಾಗಿ ಉಸಿರಾಡ್ತಾ ಇದೆ ಅಂದ್ಕೊಂಡೆ."

"ಅಯ್ಯೋ ನನ್ನ ಕರ್ಮವೇ! ಹೆಪ್ಪು ಹಾಕಿದ ಹಾಲನ್ನ ಗಳಿಗೆಗೊಂದು ಸಲ ಅಲ್ಲಾಡಿಸಿ ನೋಡಿದ್ರೆ ಮೊಸರಾಗುತ್ತೇನ್ರೀ? ಸುಸ್ ಅಂತ ಹೋಗ್ತಿದ್ದದ್ದೇ ಗ್ಯಾಸು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕದ್ದು ಅವರೇ. ಕೆಗ್ಗಿನ ಮೇಲೆ ಕೈಯೂರಿ, ಪಂಚೆ ಸಡಿಲಾಗುವಷ್ಟು ನಕ್ಕರು. ಮೂಗಿನ ಮೇಲೆ ಅಷ್ಟು ನಂಬಿಕೆಯಿಟ್ಟ ಮನುಷ್ಯನಿಗೆ ಮೂಗೇ ಶತ್ರುವಾಗಿತ್ತು. ನಗು ನಿಂತ ಮೇಲೆ ಮುಖ ಸಣ್ಣದಾಯಿತು. ಮುಚ್ಚಳ ತೆಗೆಯದಿದ್ದರೆ ಗ್ಯಾಸು ನಿಲ್ಲುತ್ತದೆ, ಸರಿ. ಆದರೆ ಹಾಪ್ಸಿನ ಹದ ತಿಳಿಯುವುದಿಲ್ಲ, ಗಂಟು ಎತ್ತುವಂತೆಯೂ ಇಲ್ಲ. ಹುಟ್ಟಿದಾಗಿನಿಂದ ಕಲಿತ ಒಂದೇ ವಿದ್ಯೆಯನ್ನು ಬಿಟ್ಟು, ಕಣ್ಣು ಕಟ್ಟಿಕೊಂಡವರ ಹಾಗೆ ಕಾಯಬೇಕು.

ಹೊಸದಾಗಿ ಮಾಡಿದರು. ಹುದುಗು ಮುಗಿದ ಮೇಲೆ ಕೆಗ್ಗಿಗೆ ತುಂಬಿ, ಬೆಲ್ಲದ ನೀರು ಹಾಕಿ, ಗಂಟು ಬಿಟ್ಟು, ಮುಚ್ಚಳ ಬಿಗಿದು, "ಇನ್ನು ಮೂರು ವಾರ ಇದರ ತಂಟೆಗೆ ಹೋಗಲ್ಲ" ಎಂದು ನನ್ನೆದುರು ಹೇಳಿದರು. ಮೂರನೇ ದಿನವೇ ಗರಾಜಿನಲ್ಲಿ ಕೆಗ್ಗಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಮುಚ್ಚಳದ ಹಿಡಿಯ ಮೇಲೆ ಕೈಯಿಟ್ಟಿದ್ದರು.

"ಏನ್ರೀ ಅದು?"

"ಏನಿಲ್ಲ, ಧೂಳು ಒರೆಸ್ತಿದ್ದೆ."

ಕೈಯಲ್ಲಿ ಒರೆಸುವ ಬಟ್ಟೆಯೇ ಇರಲಿಲ್ಲ. ನಾನು ಹೋಗಿ ಸೋನಾ ಮಸೂರಿಯ ದೊಡ್ಡ ಅಕ್ಕಿ ಚೀಲ ಎಳೆದುಕೊಂಡು ಬಂದು, ಅವರಿಂದಲೇ ಎತ್ತಿಸಿ ಮುಚ್ಚಳದ ಮೇಲೆ ಕೂರಿಸಿದೆ. ಅಕ್ಕಿ ಬೇಕಾದಾಗಲೆಲ್ಲ ನಾನೇ ಹೋಗಿ ಅಳೆದುಕೊಂಡು ಬರುತ್ತಿದ್ದೆ. ಅವರು ಬೆಳಿಗ್ಗೆ ಸ್ನಾನ ಮಾಡಿ ಗರಾಜಿನ ಬಾಗಿಲವರೆಗೆ ಹೋಗಿ, ಚೀಲ ನೋಡಿ, ನಿಟ್ಟುಸಿರು ಬಿಟ್ಟು ಆಫೀಸಿಗೆ ಹೊರಡುತ್ತಿದ್ದರು. ಪಾಪ ಎನಿಸುತ್ತಿತ್ತು. ಆದರೂ ನಾನು ಸಡಿಲ ಬಿಡಲಿಲ್ಲ.

ಪಿಕ್ನಿಕ್ಕಿನ ಹಿಂದಿನ ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದರು. ಹಿಂದಿನ ದಿನವೇ ಕೆಗ್ಗನ್ನು ಐಸು ತುಂಬಿದ ತೊಟ್ಟಿಯಲ್ಲಿ ಇಟ್ಟಾಗಿತ್ತು, ಚೀಲದ ಕಾವಲಿಲ್ಲದೆ. ಆ ರಾತ್ರಿ ಅವರಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹಿತ್ತಿಲ ಮೇಜಿನ ಮೇಲೆ ಬಜ್ಜಿ ಇಟ್ಟೆ. ಅದರ ಪಕ್ಕ ನಮ್ಮನೆಯವರು ಒಳಗಿನಿಂದ ಆರು ಕ್ಯಾನು ಸೋಡಾ ತಂದು ಸಾಲಾಗಿ ಇಟ್ಟರು. ದೇವೇಂದ್ರಪ್ಪನವರ ಕೈ ಮೀಸೆಯಲ್ಲೇ ನಿಂತಿತು. ರಘು ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ.

"ನನಗೆಲ್ಲ ಗೊತ್ತಾಗಿದೆ," ಎಂದರು ಇವರು. ದನಿಯಲ್ಲಿ ಕೋಪವಿರಲಿಲ್ಲ. "ನನ್ನ ಮೇಲಿನ ಪ್ರೀತಿಗೇ ಹಾಗೆ ಮಾಡಿದ್ರಿ, ಬಿಡಿ. ಇವತ್ತು ಸೋಡಾ ಬೇಕಾದ್ರೆ ನನ್ನೆದುರಿಗೇ ಬೆರೆಸಿ. ಆದ್ರೆ ನಿಜ ಹೇಳಿ. ನಾನು ರುಚಿ ನೋಡೋ ಹಾಗಿಲ್ಲ. ನನಗೆ ಬೇರೆ ನಾಲಿಗೆ ಇಲ್ಲ, ನಿಮ್ಮಿಬ್ಬರದೇ."

ದೇವೇಂದ್ರಪ್ಪನವರು ಕಣ್ಣೆತ್ತಲಿಲ್ಲ. ರಘು "ಸಾರಿ ಶೇಷಣ್ಣ" ಎಂದ.

ಕೈಪಂಪು ಸಿಕ್ಕಿಸಲು ಮರೆತೇಬಿಟ್ಟಿದ್ದರು. ನಲ್ಲಿಯ ಕೊಳವೆ ಸೇರಿಸಿ ಹಿಡಿ ಒತ್ತಿದ್ದೇ ತಡ, ಬುಸ್ ಎಂದು ಬಿಳಿ ನೊರೆ ಹಾರಿ ಅವರ ಅಂಗಿ, ಕನ್ನಡಕ, ಅರ್ಧ ಬಜ್ಜಿ ತಟ್ಟೆ ಎಲ್ಲ ನೆನೆಯಿತು. "ಬಂತು! ಬಂತು!" ಎಂದು ಕೂಗಿಕೊಂಡರು. ಒಳಗೆ ಟಿವಿ ನೋಡುತ್ತಿದ್ದ ನಿಸರ್ಗಾ ಏನಾಯಿತೋ ಎಂದು ಓಡಿ ಬಂದಳು. ನೊರೆ ಇಳಿದ ಮೇಲೆ ಎರಡು ಲೋಟ ತುಂಬಿದರು. ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು. ಪಂಪಿನ ಹಂಗಿಲ್ಲದೆ ಬೆಲ್ಲ ತಿಂದು ತಾನಾಗೇ ಉಬ್ಬಿದ ಬಿಯರು.

"ಸೂಪರ್ ಶೇಷಣ್ಣ!"

"ಬಾಯಿಗಿಡೋಕೆ ಮುಂಚೆನೇ ಸೂಪರ್ರೇನೋ?" ಎಂದು ಗದರಿದೆ. ಹುಡುಗ ತೆಪ್ಪಗೆ ಲೋಟ ಎತ್ತಿದ.

ದೇವೇಂದ್ರಪ್ಪನವರು ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡು ನುಂಗಿದರು. ಇನ್ನೊಂದು ಗುಟುಕು. ಮೀಸೆಯ ನೊರೆ ಒರೆಸಿಕೊಂಡು, ಎದುರಿಗಿದ್ದ ಸೋಡಾ ಕ್ಯಾನನ್ನು ಬೆರಳಲ್ಲಿ ಅತ್ತ ಸರಿಸಿದರು. ನಮ್ಮನೆಯವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಜ್ಜಿಗೆ ಲೋಟ ಕೈಯಲ್ಲೇ ವಾಲಿ ಹನಿಯುತ್ತಿತ್ತು.

"ಗ್ಯಾಸ್ ಅಂತೂ ಏಕದಂ ಚಲೋ ಆಗೇತ್ರಿ. ಸೋಡಾ ಬ್ಯಾಡ." ಮತ್ತೆ ಕುಡಿದರು. "ಇನ್ನೊಂದ ಮಾತೈತಿ. ಹೇಳಲೇನ್ರಿ? ಸಿಟ್ಟ ಆಗಂಗಿಲ್ಲಲ್ಲ?"

"ಹೇಳಿ, ಹೇಳಿ!"

"ಕುಡದ ಮ್ಯಾಲೆ ಬಾಯಾಗ ಹಸೀ ಹುಲ್ಲ ಜಗದಂಗ ಆಗ್ತದ ನೋಡ್ರಿ."

ಇಷ್ಟು ಕಷ್ಟಪಟ್ಟು, ಮೂರು ವಾರ ಕೈ ಕಟ್ಟಿಕೊಂಡು ಕೂತದ್ದಕ್ಕೆ ಹುಲ್ಲೇ? ಈ ಮನುಷ್ಯನಿಗೆ ಸುಳ್ಳು ಹೇಳಲೂ ಬರುವುದಿಲ್ಲ, ನಿಜ ಹೇಳಲೂ ಬರುವುದಿಲ್ಲ ಎಂದು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ನಮ್ಮನೆಯವರು ಕುರ್ಚಿಯನ್ನು ಎಳೆದುಕೊಂಡು ದೇವೇಂದ್ರಪ್ಪನವರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹೋದರು.

"ಎಂಥಾ ಹುಲ್ಲು? ಸರಿಯಾಗಿ ಹೇಳಿ. ಒಣಹುಲ್ಲೋ, ಗರಿಕೆಯೋ?"

ದೇವೇಂದ್ರಪ್ಪನವರು ಗಂಭೀರವಾಗಿ ಇನ್ನೊಂದು ಗುಟುಕು ಕುಡಿದು ಯೋಚಿಸಿದರು.

"ಗರಿಕಿನ ಅನ್ರಿ."

"ಮೊದಲ ಗುಟುಕಿಗೋ, ಆಮೇಲೋ?"

"ಆಮ್ಯಾಲ್ರಿ. ಗಂಟಲ ಹಿಂದ."

ರಘುವಿಗೂ ಧೈರ್ಯ ಬಂತು. "ಹೂಂ ಶೇಷಣ್ಣ, ನನಗೂ ಅನ್ನಿಸ್ತು. ಸ್ವಲ್ಪ ಹಸಿ ಹಸಿ."

"ಸರಿ, ಸರಿ! ಗಂಟು ಜಾಸ್ತಿ ದಿನ ಒಳಗೇ ಉಳೀತು, ಅದಕ್ಕೇ!" ಇವರು ಎದ್ದು ಹಿತ್ತಿಲಲ್ಲಿ ಅತ್ತಿಂದಿತ್ತ ಓಡಾಡತೊಡಗಿದರು. "ಮುಂದಿನ ಸಲ ಹಾಪ್ಸನ್ನ ಕೆಗ್ಗಿಗೆ ತುಂಬೋ ಮುಂಚೆನೇ ಹಾಕಿ, ಹದ ನೋಡಿ ತೆಗೆದುಬಿಡ್ತೀನಿ. ಆಮೇಲೆ ಬೆಲ್ಲ ಹಾಕಿ ಮುಚ್ಚೋದು. ಮೂಗಿಗೂ ಕೆಲಸ ಸಿಕ್ತು, ಗ್ಯಾಸೂ ಉಳೀತು!"

"ಹಂಗಾರ ಪಿಕ್ನಿಕ್ಕಿಗೆ?" ಎಂದರು ದೇವೇಂದ್ರಪ್ಪ.

"ಇದನ್ನೇ ತಗೊಂಡು ಹೋಗ್ತೀನಿ. ಅಲ್ಲಿ ಇನ್ನೂರು ಜನ ಇರ್ತಾರೆ. ಇನ್ನೂ ಏನೇನು ತಪ್ಪಿದೆ ಅಂತ ಎಲ್ಲರನ್ನೂ ಕೇಳ್ತೀನಿ!"

ಇಷ್ಟು ಹೇಳಿ ನನ್ನ ಕಡೆ ತಿರುಗಿದರು. ಕನ್ನಡಕದ ಮೇಲೆ ಇನ್ನೂ ನೊರೆ. ಅದರ ಹಿಂದೆ ಕಣ್ಣುಗಳು ತುಂಬಿದ್ದವು.

"ವಾಣಿ, ಕೇಳಿಸ್ತೇನೇ? ಹುಲ್ಲಂತೆ ಕಣೇ! ಗರಿಕೆ ಹುಲ್ಲು!"

ನಿಸರ್ಗಾ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. "ಅಪ್ಪಾ, ದಟ್ಸ್ ನಾಟ್ ಎ ಕಾಂಪ್ಲಿಮೆಂಟ್."

"ನಿನಗೇನು ಗೊತ್ತು, ಸುಮ್ನಿರು," ಎಂದೆ ನಾನು, ಸೆರಗಿನಿಂದ ಅವರ ಕನ್ನಡಕ ಒರೆಸುತ್ತ. ನನ್ನ ಕಣ್ಣನ್ನೂ ಒರೆಸಿಕೊಂಡೆ. ಇವಳು ಹುಟ್ಟಿದ ದಿನ ಹಾಸನದ ಆಸ್ಪತ್ರೆಯಲ್ಲಿ ನರ್ಸಮ್ಮ ಹೊರಗೆ ಬಂದು "ಹೆಣ್ಣು ಮಗು" ಎಂದಾಗಲೂ ಈ ಮನುಷ್ಯ ಇಷ್ಟು ಜೋರಾಗಿ ಕೂಗಿರಲಿಲ್ಲ.